ಪಾಠವೂ ಪಾಠಕರೂ

ಮನುಷ್ಯನ ಎಲುಬುಗಳ ಒಳಗಣ ಮಜ್ಜೆಯಲ್ಲಿ ಹುಟ್ಟುವ ಕೆಂಪು ರಕ್ತಕಣವು, ತನ್ನ ಎಳವೆಯನ್ನು ದಾಟಿ ರಕ್ತಪ್ರವಾಹಕ್ಕೆ ಇಳಿಯುವುದಕ್ಕೆ ಮೊದಲು, ದೇಹದ ಬೇರೆ ಕೋಶಗಳು ಸಾಮಾನ್ಯವಾಗಿ ಮಾಡದ ಒಂದು ಕಾರ್ಯವನ್ನು ಮಾಡುತ್ತದೆ: ತನ್ನ ಕೋಶಕೇಂದ್ರವನ್ನು, ಅದರಲ್ಲಿರುವ ನಲವತ್ತಾರು ವರ್ಣತಂತುಗಳ ಸಮೇತ, ಹೊರಕ್ಕೆ ನೂಕಿಬಿಡುತ್ತದೆ. ವಂಶದ ಲೇಖವೆಲ್ಲ ಅಡಗಿರುವ ಡಿ.ಎನ್.ಎ. ಹೀಗೆ ಹೊರಟುಹೋದ ಮೇಲೆ ಆ ಕಣದಲ್ಲಿ ಹೊಸದೇನೂ ನಿರ್ಮಾಣವಾಗಲಾರದೆಂದು ನಾವು ಊಹಿಸುವುದು ಸಹಜ. ಆದರೆ ವಸ್ತುಸ್ಥಿತಿ ಹಾಗಿಲ್ಲ. ಕೇಂದ್ರವನ್ನು ಕಳೆದುಕೊಂಡ ಬಳಿಕವೂ ಒಂದೆರಡು ದಿನ ಆ ಎಳೆಯ ಕಣ ಹೀಮೋಗ್ಲೋಬಿನ್ನನ್ನು ಒಂದೇ ಸಮನೆ ತಯಾರಿಸುತ್ತಲೇ ಇರುವುದು. ಮೂಲಗ್ರಂಥವೇ ಕೈಬಿಟ್ಟುಹೋಗಿರುವಾಗ ಅದರ ಆದೇಶವನ್ನು ಪಾಲಿಸುವವರು ಯಾರು, ಪಾಲಿಸುವುದು ಯಾವುದನ್ನು ನೋಡಿ, ಅದರ ಅರ್ಥವನ್ನು ಅವರಿಗೆ ತಿಳಿಸಿದವರಾರು ಎಂಬ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ. ಜೀವವಿಜ್ಞಾನದ ಇತಿಹಾಸದಲ್ಲಿ 1950ರಿಂದ ಮುಂದಣ ಎರಡು ದಶಕಗಳನ್ನು ಬಹುಮಟ್ಟಿಗೆ ಆವರಿಸಿದುವು ಇವೇ ಪ್ರಶ್ನೆಗಳು. ಅವುಗಳ ಉತ್ತರವನ್ನು ಹುಡುಕಿದ ಪ್ರಯೋಗಗಳಲ್ಲಿ ಅನೇಕವು ನಡೆದುದು ಮೊಲದ ರಕ್ತದಿಂದ ಪಡೆದ ಇಂಥ ಎಳೆಯ ಕಣಗಳಲ್ಲಿಯೇ. ಏಕೆಂದರೆ ಅವು ತಯಾರಿಸುವ ಪ್ರೋಟೀನಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನ ಪಾಲು ಹೀಮೋಗ್ಲೋಬಿನ್ ಒಂದೇ ಆಗಿರುವುದರಿಂದ, ಪ್ರಯೋಗ ಮಾಡುವವನ ಕಣ್ಣು ಬೇರೆಡೆಗೆ ಹರಿಯಬೇಕಾಗಿರಲಿಲ್ಲ.

ಆದುದರಿಂದ ನಾವೂ ಈ ಅಧ್ಯಾಯದಲ್ಲಿ ಹೀಮೋಗ್ಲೋಬಿನ್ನಿನ ಜಾಡನ್ನೇ ಹಿಡಿದು ಸಾಗೋಣ. ಒಂದು ಕೆಂಪುಕಣದಲ್ಲಿ ಈ ಪ್ರೋಟೀನಿನ ಅಣುಗಳು ಸುಮಾರು 27 ಕೋಟಿ ಇರುತ್ತವೆ. ಒಂದೊಂದು ಅಣುವೂ ನಾಲ್ಕು ಸರಪಣಿಗಳ ಕೂಟ: 141 ಅಮೈನೋ ಆಮ್ಲಗಳ ಆಲ್ಫಾ ಸರಪಣಿಗಳು ಎರಡು, 146 ಅಮೈನೋ ಆಮ್ಲಗಳ ಬೀಟಾ ಸರಪಣಿಗಳು ಎರಡು, ನಾಲ್ಕರ ಮಡಿಲಲ್ಲಿಯೂ ಕಬ್ಬಿಣದ ಒಂದೊಂದು ಪರಮಾಣುವನ್ನು ಧರಿಸಿದ ಹೀಮ್ ಎಂಬ ಘಟಕವಿದ್ದು, ಆಮ್ಲಜನಕವು ಬಂದು ನೆಲೆಸುವುದು ಅಲ್ಲಿಯೇ. ಅಮೈನೋ ಆಮ್ಲಗಳು ಇಪ್ಪತ್ತು ಬಗೆ. ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೊಂದೇ ಪ್ರೋಟೀನಿನ ಸ್ವರೂಪವನ್ನೂ ಗುಣವನ್ನೂ ನಿರ್ಣಯಿಸುವುದಾದ್ದರಿಂದ, ಜೀವಕೋಶದ ಮುಂದಿರುವ ಸಮಸ್ಯೆಯೆಲ್ಲವೂ ಈ ಕ್ರಮವನ್ನು ತಪ್ಪದೆ ಉಳಿಸಿಕೊಳ್ಳುವ ಸಮಸ್ಯೆಯೇ ಆಗಿದೆ.

ಬೀಟಾ ಸರಪಣಿಯ ಕ್ರಮವು ನಮ್ಮ ಹನ್ನೊಂದನೆಯ ವರ್ಣತಂತುವಿನ ಒಂದು ತುದಿಯ ಸಮೀಪದಲ್ಲಿ, ಸುಮಾರು 1,600 ಅಕ್ಷರಗಳ ಉದ್ದದ ಒಂದು ಖಂಡದಲ್ಲಿ ಲಿಖಿತವಾಗಿದೆ. ಅಕ್ಷರಗಳೆಂದರೆ ನಾಲ್ಕೇ: ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ಪ್ರತ್ಯಾಮ್ಲಗಳು, ಇವನ್ನು ಎ, ಟಿ, ಜಿ, ಸಿ ಎಂದು ಕರೆಯುವುದು ರೂಢಿ. ಎಳೆಯ ಕಣವು ಇನ್ನೂ ಕೇಂದ್ರವನ್ನು ಹೊಂದಿರುವ ಕಾಲದಲ್ಲಿ, ಆರ್.ಎನ್.ಎ. ಪಾಲಿಮರೇಸ್ ಎಂಬ ಮಹಾಕಿಣ್ವವು ಈ ಖಂಡದ ಆರಂಭಕ್ಕೆ ಬಂದು ಕುಳಿತು, ಡಿ.ಎನ್.ಎ.ಯ ಎರಡು ಎಳೆಗಳನ್ನು ಅಷ್ಟು ಜಾಗದಲ್ಲಿ ಮಾತ್ರ ಬಿಡಿಸಿ, ಒಂದು ಎಳೆಯ ಮೇಲೆ ಮುಂದುಮುಂದಕ್ಕೆ ಸರಿಯುತ್ತ, ಅದರ ಅಕ್ಷರಗಳಿಗೆ ಜೋಡಿಯಾಗತಕ್ಕ ಅಕ್ಷರಗಳನ್ನು ಪೋಣಿಸಿ ಒಂಟಿ ಎಳೆಯ ಆರ್.ಎನ್.ಎ.ಯೊಂದನ್ನು ನಿರ್ಮಿಸುತ್ತದೆ. ಈ ಪ್ರತಿಯಲ್ಲಿ ಟಿ ಇರಬೇಕಾದೆಡೆಯಲ್ಲಿ ಯುರಾಸಿಲ್, ಅಂದರೆ ಯು ಇರುವುದೆಂಬ ಒಂದು ಭೇದವನ್ನು ಬಿಟ್ಟರೆ ಲಿಪಿ ಎರಡಕ್ಕೂ ಒಂದೇ. ಕಿಣ್ವವು ಹಾದುಹೋದ ಕೂಡಲೆ ಡಿ.ಎನ್.ಎ.ಯ ಎಳೆಗಳು ಮತ್ತೆ ಒಂದನ್ನೊಂದು ತಬ್ಬಿಕೊಳ್ಳುತ್ತವೆ. ಮೂಲಕ್ಕೆ ಯಾವ ವ್ಯಯವೂ ಇಲ್ಲ.

ಆದರೆ ಈ ಮೊದಲ ಪ್ರತಿ ಕೆಲಸಕ್ಕೆ ಬಾರದು. ಸರಪಣಿಯ ಕ್ರಮವನ್ನು ಹೇಳುವ ಭಾಗವು ಮೂಲದಲ್ಲಿ ಒಂದೇ ಕಡೆ ಅಖಂಡವಾಗಿರದೆ, ಮೂರು ತುಂಡುಗಳಾಗಿ ಹಂಚಿಹೋಗಿದೆ. ನಡುವೆ ಸುಮಾರು 130 ಅಕ್ಷರಗಳ ಒಂದು, 850 ಅಕ್ಷರಗಳ ಮತ್ತೊಂದು, ಹೀಗೆ ಪ್ರೋಟೀನಿಗೆ ಸಂಬಂಧಪಡದ ಎರಡು ಪ್ರಕ್ಷೇಪಗಳಿವೆ. 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ಬಳಗಗಳು ಅಡಿನೋವೈರಸ್ಸಿನಲ್ಲಿ ಇಂಥ ವಿಚ್ಛಿನ್ನತೆಯನ್ನು ಕಂಡು ಪ್ರಕಟಿಸಿದಾಗ ನಂಬುವುದು ಕಷ್ಟವಾಗಿತ್ತು. ಅದರ ಬೆನ್ನಿಗೇ ಮೊಲದ ಮತ್ತು ಇಲಿಯ ಬೀಟಾ ಗ್ಲೋಬಿನ್, ಅಂದರೆ ಬೀಟಾ ಸರಪಣಿಯ, ಜೀನುಗಳಲ್ಲಿಯೂ ಅದೇ ಕಂಡುಬಂದಿತು. ಕೋಶಕೇಂದ್ರದಲ್ಲಿಯೇ ಈ ಪ್ರಕ್ಷೇಪಗಳನ್ನು ಕತ್ತರಿಸಿ ತೆಗೆದು, ಉಳಿದ ಮೂರು ತುಂಡುಗಳನ್ನು ಒಂದು ಅಕ್ಷರವೂ ಹೆಚ್ಚುಕಡಿಮೆಯಾಗದಂತೆ ಬೆಸೆಯಬೇಕು. ಎಲ್ಲಿ ಕತ್ತರಿಸಬೇಕೆಂಬ ಗುರುತು ಆ ಅಂಚುಗಳ ಅಕ್ಷರಗಳಲ್ಲಿಯೇ ಇರುವುದರಿಂದ, ಅಲ್ಲಿ ಒಂದು ಅಕ್ಷರ ಕೆಟ್ಟರೂ ಅನರ್ಥ ತಪ್ಪದು. ಭಾರತದಲ್ಲಿ ಥಲಸ್ಸೀಮಿಯಾ ಎಂಬ ರಕ್ತಹೀನತೆಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗಿರುವ ದೋಷವು ಮೊದಲನೆಯ ಪ್ರಕ್ಷೇಪದ ಐದನೆಯ ಅಕ್ಷರ ಜಿ ಇದ್ದೆಡೆಯಲ್ಲಿ ಸಿ ಆಗಿರುವುದು. ಪ್ರೋಟೀನಿನ ಒಂದು ಅಮೈನೋ ಆಮ್ಲವನ್ನೂ ಹೆಸರಿಸದ, ಕತ್ತರಿಸಿ ಎಸೆಯಲ್ಪಡಬೇಕಾದ ಭಾಗದಲ್ಲಿ ಆದ ಈ ಅಲ್ಪ ವ್ಯತ್ಯಾಸದಿಂದ ಕತ್ತರಿಯೇ ದಿಕ್ಕು ತಪ್ಪಿ, ಸರಿಯಾದ ಪ್ರತಿಗಳು ತೀರ ವಿರಳವಾಗುತ್ತವೆ. ತಂದೆ ತಾಯಿಗಳಿಬ್ಬರಿಂದಲೂ ಇದನ್ನು ಪಡೆದ ಶಿಶು ಬದುಕಿನುದ್ದಕ್ಕೂ ಅನ್ಯರ ರಕ್ತವನ್ನು ಆಶ್ರಯಿಸಬೇಕಾಗುವುದು.

ಬೆಸುಗೆ ಮುಗಿದ ಪ್ರತಿಯು, ತಲೆಯಲ್ಲಿ ಒಂದು ರಕ್ಷಣೆಯ ಮುಚ್ಚಳವನ್ನೂ ಬಾಲದಲ್ಲಿ ಅಡೆನಿನ್ನುಗಳ ದೀರ್ಘ ಶ್ರೇಣಿಯನ್ನೂ ಹೊತ್ತು, ಕೇಂದ್ರದ ರಂಧ್ರಗಳ ಮೂಲಕ ಹೊರಗಿನ ಕೋಶರಸಕ್ಕೆ ಬರುತ್ತದೆ. ಇದೇ ದೂತ ಆರ್.ಎನ್.ಎ. ಇಂಥದೊಂದು ದೂತ ಇರಬೇಕೆಂಬ ಕಲ್ಪನೆ ಸ್ಪಷ್ಟವಾಗಿ ಮೂಡಿದುದು 1960ರ ಗುಡ್ ಫ್ರೈಡೇ ದಿನ, ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿದ್ದ ಸಿಡ್ನಿ ಬ್ರೆನ್ನರ್ ಅವರ ಕೊಠಡಿಯಲ್ಲಿ, ಪ್ಯಾರಿಸ್ಸಿನಿಂದ ಬಂದಿದ್ದ ಫ್ರಾಂಸ್ವಾ ಜಾಕೋಬ್ ಅವರೂ ಫ್ರಾನ್ಸಿಸ್ ಕ್ರಿಕ್ ಅವರೂ ಕೂಡಿ ಮಾತನಾಡುತ್ತಿದ್ದಾಗ. ಅಲ್ಲಿಯವರೆಗೆ ಪ್ರೋಟೀನು ತಯಾರಾಗುವ ರೈಬೋಸೋಮುಗಳಲ್ಲಿಯೇ ಆದೇಶವೂ ಹುದುಗಿರಬಹುದೆಂದು ಭಾವಿಸಲಾಗಿದ್ದಿತು. ಒಂದೊಂದು ಪ್ರೋಟೀನಿಗೂ ಒಂದೊಂದು ಜಾತಿಯ ರೈಬೋಸೋಮು. ಬ್ರೆನ್ನರ್, ಜಾಕೋಬ್ ಮತ್ತು ಮ್ಯಾಥ್ಯೂ ಮೆಸೆಲ್ಸನ್ 1961ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಆ ಭಾವನೆ ತೊಲಗಿತು. ರೈಬೋಸೋಮಿಗೆ ಪಕ್ಷಪಾತವಿಲ್ಲ, ಯಾವ ದೂತ ಬಂದರೆ ಆ ದೂತನ ಮಾತನ್ನು ಅದು ನಡೆಸಿಕೊಡುತ್ತದೆ. ಕೇಂದ್ರವಿಲ್ಲದ ರಕ್ತಕಣವು ಹೀಮೋಗ್ಲೋಬಿನ್ನನ್ನು ತಯಾರಿಸುವುದು ಮೊದಲೇ ಹೊರಬಂದು ನಿಂತಿರುವ ಇಂಥ ದೂತಗಳ ಬಲದಿಂದ.

ಇಷ್ಟರವರೆಗೆ ನಡೆದುದು ಅಕ್ಷರದಿಂದ ಅಕ್ಷರಕ್ಕೆ ನಕಲು ತೆಗೆಯುವ ಕೆಲಸ. ಎ ಎದುರಿಗೆ ಯು, ಜಿ ಎದುರಿಗೆ ಸಿ ಕೂರುವುದು ಅವುಗಳ ಆಕಾರಕ್ಕೆ ಒಪ್ಪುವ ಸಂಗತಿಯಾದ್ದರಿಂದ ರಸಾಯನಶಾಸ್ತ್ರವೇ ಇದನ್ನು ವಿವರಿಸಬಲ್ಲುದು. ನಿಜವಾದ ಕಗ್ಗಂಟು ಇರುವುದು ಮುಂದೆ. ನಾಲ್ಕು ಅಕ್ಷರಗಳ ಲಿಪಿಯಿಂದ ಇಪ್ಪತ್ತು ಅಮೈನೋ ಆಮ್ಲಗಳ ಕ್ರಮ ಹೊರಡಬೇಕು. ಆದರೆ ಈ ಎರಡು ವರ್ಗದ ಅಣುಗಳ ನಡುವೆ ಆಕಾರದ ಬಾಂಧವ್ಯವೇ ಇಲ್ಲ. 1954ರಲ್ಲಿ ಭೌತವಿಜ್ಞಾನಿ ಜಾರ್ಜ್ ಗ್ಯಾಮೋ, ಡಿ.ಎನ್.ಎ.ಯ ಸುರುಳಿಯಲ್ಲಿರುವ ವಜ್ರಾಕೃತಿಯ ಕುಳಿಗಳಲ್ಲಿ ಅಮೈನೋ ಆಮ್ಲಗಳು ತಾವಾಗಿಯೇ ಬಂದು ಕೂರುವುವೆಂದು ಸೂಚಿಸಿದನು. ಸುಂದರವಾದ ಊಹೆ, ಆದರೆ ತಪ್ಪು; ಅದರ ಹಿರಿಮೆಯೆಂದರೆ ಇತರರು ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿಕೊಳ್ಳುವಂತೆ ಮಾಡಿದ್ದು. ಕ್ರಿಕ್ ಕೇಳಿಕೊಂಡನು. ನ್ಯೂಕ್ಲಿಯಿಕ್ ಆಮ್ಲದ ಮೇಲ್ಮೈಯಲ್ಲಿ ವ್ಯಾಲಿನ್ನನ್ನು ಐಸೋಲ್ಯೂಸಿನ್ನಿನಿಂದ ಬೇರ್ಪಡಿಸಿ ಗುರುತಿಸಬಲ್ಲ ಯಾವ ಕುಳಿಯೂ ಇರಲಾರದೆಂದೂ, ಆದುದರಿಂದ ಒಂದು ಕೈಯಲ್ಲಿ ಅಕ್ಷರಗಳನ್ನು ಮುಟ್ಟಿ ಮತ್ತೊಂದು ಕೈಯಲ್ಲಿ ಅಮೈನೋ ಆಮ್ಲವನ್ನು ಹಿಡಿದಿರುವ ಮಧ್ಯವರ್ತಿ ಅಣುಗಳು ಇರಲೇಬೇಕೆಂದೂ, ಆ ಮಧ್ಯವರ್ತಿಗೆ ತಕ್ಕ ಆಮ್ಲವನ್ನು ತಗಲಿಸಲು ಬೇರೆಬೇರೆ ಕಿಣ್ವಗಳು ಇರಬೇಕೆಂದೂ 1955ರಲ್ಲಿ ಆತ ಮಿತ್ರರಿಗೆ ಕಳುಹಿಸಿದ ಟಿಪ್ಪಣಿಯೊಂದರಲ್ಲಿ ತರ್ಕಿಸಿದನು. ಕೆಲವೇ ವರ್ಷಗಳಲ್ಲಿ ಬಾಸ್ಟನ್ನಿನ ಪಾಲ್ ಝಮೆಕ್ನಿಕ್ ಮತ್ತು ಮೆಹ್ಲನ್ ಹೋಗ್ಲಂಡ್ ಇಂಥ ಮಧ್ಯವರ್ತಿಗಳನ್ನು ಪ್ರಯೋಗಶಾಲೆಯಲ್ಲಿ ಕೈಗೆ ಸಿಕ್ಕಿಸಿಕೊಂಡರು. ವಾಹಕ ಆರ್.ಎನ್.ಎ. ಎಂದು ಇಂದು ನಾವು ಕರೆಯುವುದು ಅವನ್ನೇ.

ಯಾವ ಅಕ್ಷರಗಳಿಗೆ ಯಾವ ಆಮ್ಲ ಎಂಬುದನ್ನು ಮಾತ್ರ ತರ್ಕದಿಂದ ಹೊರಡಿಸಲು ಸಾಧ್ಯವಾಗಲಿಲ್ಲ. ಅದನ್ನು ಕೋಶವನ್ನೇ ಕೇಳಿ ತಿಳಿಯಬೇಕಾಯಿತು. 1961ರ ಮೇ 27ರ ಬೆಳಗಿನ ಜಾವ, ಅಮೆರಿಕದ ಬೆಥೆಸ್ಡಾದಲ್ಲಿ, ಮಾರ್ಷಲ್ ನಿರೆನ್‌ಬರ್ಗ್ ಅವರ ಸಹೋದ್ಯೋಗಿ ಹೈನ್ರಿಕ್ ಮತ್ತಾಯ್, ಒಡೆದ ಬ್ಯಾಕ್ಟೀರಿಯಗಳ ರಸಕ್ಕೆ ಯು ಎಂಬ ಒಂದೇ ಅಕ್ಷರವು ಮತ್ತೆ ಮತ್ತೆ ಬರುವ ಕೃತಕ ಆರ್.ಎನ್.ಎ.ಯನ್ನು ಸೇರಿಸಿದಾಗ, ಫೀನೈಲ್‌ಅಲನಿನ್ ಎಂಬ ಒಂದೇ ಆಮ್ಲದ ಸರಪಣಿ ತಯಾರಾಯಿತು. ಆ ವರ್ಷದ ಕೊನೆಯಲ್ಲಿ ಕ್ರಿಕ್ ಮತ್ತು ಬ್ರೆನ್ನರ್ ಅವರ ಬಳಗ, ವೈರಸ್ಸಿನ ಜೀನಿನಲ್ಲಿ ಅಕ್ಷರಗಳನ್ನು ಸೇರಿಸಿಯೂ ಕಳೆದೂ ನೋಡಿ, ಪದಗಳು ಮೂರು ಮೂರು ಅಕ್ಷರಗಳವೆಂದು ತೋರಿಸಿತು. ಹಾಗಾದರೆ ಯು-ಯು-ಯು ಎಂಬ ತ್ರಿಕದ ಅರ್ಥ ಫೀನೈಲ್‌ಅಲನಿನ್. ನಾಲ್ಕು ಅಕ್ಷರಗಳಿಂದ ಆಗಬಹುದಾದ ತ್ರಿಕಗಳು 64. ಇನ್ನು 63 ಉಳಿದುವು.

ಈ ಉಳಿದ ಕಾರ್ಯದಲ್ಲಿ ಹರಗೋವಿಂದ ಖುರಾನಾ ಅವರ ಭಾಗವನ್ನು ಭಾರತೀಯರಾದ ನಾವು ಹೆಮ್ಮೆಗಾಗಿ ಮಾತ್ರವಲ್ಲ, ಅದರ ಶಿಸ್ತಿನ ಸೌಂದರ್ಯಕ್ಕಾಗಿಯೂ ನೆನೆಯಬೇಕು. ಅವಿಭಜಿತ ಪಂಜಾಬಿನ ರಾಯ್‌ಪುರವೆಂಬ ಕುಗ್ರಾಮದಲ್ಲಿ ಪಟವಾರಿಯೊಬ್ಬರ ಮಗನಾಗಿ 1922ರಲ್ಲಿ ಜನಿಸಿ, ಓದುಬರಹ ಬಲ್ಲ ಮನೆ ತಮ್ಮದೊಂದೇ ಎನ್ನಬಹುದಾದ ಊರಿನಿಂದ ಹೊರಟು ವಿಸ್ಕಾನ್‌ಸಿನ್ ವಿಶ್ವವಿದ್ಯಾನಿಲಯದವರೆಗೆ ಸಾಗಿದ ಅವರು, ಅಕ್ಷರಗಳ ಕ್ರಮವು ಅಣುಮಾತ್ರವೂ ಸಂದೇಹಕ್ಕೆಡೆಯಿಲ್ಲದಂತೆ ನಿಶ್ಚಿತವಾಗಿರುವ ನ್ಯೂಕ್ಲಿಯಿಕ್ ಆಮ್ಲಗಳನ್ನು ರಾಸಾಯನಿಕವಾಗಿ ಕಟ್ಟುವ ವಿದ್ಯೆಯನ್ನು ಸಾಧಿಸಿದರು. ಯು-ಜಿ-ಯು-ಜಿ ಎಂದು ಪರ್ಯಾಯವಾಗಿ ಸಾಗುವ ಎಳೆಯನ್ನು ಕೊಟ್ಟರೆ ಅದನ್ನು ಮೂರು ಮೂರಾಗಿ ಓದುವಾಗ ಯು-ಜಿ-ಯು, ಜಿ-ಯು-ಜಿ ಎಂಬ ಎರಡೇ ಪದಗಳು ಒಂದಾದ ಮೇಲೊಂದು ಬರಲು ಸಾಧ್ಯ. ತಯಾರಾದ ಸರಪಣಿಯಲ್ಲಿಯೂ ಸಿಸ್ಟೀನ್, ವ್ಯಾಲಿನ್ ಎಂಬ ಎರಡು ಆಮ್ಲಗಳೇ ಒಂದಾದ ಮೇಲೊಂದು ಬಂದುವು. ಇಂಥ ಎಳೆಗಳಿಂದಲೂ, ಒಂದೊಂದು ತ್ರಿಕವು ಯಾವ ವಾಹಕವನ್ನು ರೈಬೋಸೋಮಿಗೆ ಸೆಳೆಯುವುದೆಂದು ಪರೀಕ್ಷಿಸುವ ನಿರೆನ್‌ಬರ್ಗ್ ಮತ್ತು ಫಿಲಿಪ್ ಲೀಡರ್ ಅವರ 1964ರ ವಿಧಾನದಿಂದಲೂ, 1966ರ ಹೊತ್ತಿಗೆ ಇಡೀ ಕೋಷ್ಟಕ ಪೂರ್ಣವಾಯಿತು: 61 ತ್ರಿಕಗಳು ಅಮೈನೋ ಆಮ್ಲಗಳಿಗೆ, ಮೂರು ತ್ರಿಕಗಳು ವಾಕ್ಯಾಂತ್ಯಕ್ಕೆ. ನಿರೆನ್‌ಬರ್ಗ್, ಖುರಾನಾ ಮತ್ತು ವಾಹಕವೊಂದರ ಅಕ್ಷರಕ್ರಮವನ್ನು ಮೊದಲು ಬಿಡಿಸಿದ ರಾಬರ್ಟ್ ಹಾಲಿ ಅವರಿಗೆ 1968ರ ನೊಬೆಲ್ ಪುರಸ್ಕಾರ ಸಂದಿತು. ಹಾಲಿ ಅವರ ಬಳಗವು 140 ಕಿಲೋಗ್ರಾಂ ಯೀಸ್ಟಿನಿಂದ ಒಂದು ಗ್ರಾಂ ವಾಹಕವನ್ನು ಸೋಸಿ ತೆಗೆದು, ಅದರ 77 ಅಕ್ಷರಗಳನ್ನು ಒಂದೊಂದಾಗಿ ನಿರ್ಣಯಿಸಿತೆಂಬುದನ್ನು ಹೇಳಿದರೆ ಆ ಕಾಲದ ಶ್ರಮದ ಪ್ರಮಾಣ ತಿಳಿದೀತು.

ಕೋಷ್ಟಕವನ್ನು ಇಂದು ಶಾಲೆಯ ಪುಸ್ತಕಗಳಲ್ಲಿಯೂ ಮುದ್ರಿಸುತ್ತಾರೆ. ಅದನ್ನು ನೋಡುವ ವಿದ್ಯಾರ್ಥಿಗೆ ಅರ್ಥವೆಂಬುದು ಡಿ.ಎನ್.ಎ.ಯಲ್ಲಿಯೇ ಅಡಕವಾಗಿದೆಯೆಂಬ ಭ್ರಾಂತಿ ಹುಟ್ಟುವುದು ಸುಲಭ. ಈ ಭ್ರಾಂತಿಯನ್ನು ಹೋಗಲಾಡಿಸುವುದು ಈ ಅಧ್ಯಾಯದ ಮುಖ್ಯ ಉದ್ದೇಶವೆಂದೇ ನಾನು ಭಾವಿಸಿದ್ದೇನೆ. ಜಿ-ಯು-ಜಿ ಎಂದರೆ ವ್ಯಾಲಿನ್ ಎಂದು ಬಲ್ಲವರು ಯಾರು? ದೂತ ಬಲ್ಲದೆ? ಅದು ಅಕ್ಷರಗಳ ಸಾಲು ಮಾತ್ರ. ವಾಹಕ ಬಲ್ಲದೆ? ಅದರ ಒಂದು ಕುಣಿಕೆಯಲ್ಲಿ ಜಿ-ಯು-ಜಿಗೆ ಜೋಡಿಯಾಗುವ ಪ್ರತಿತ್ರಿಕವಿದೆ. ಅಲ್ಲಿಂದ ಬಹುದೂರದಲ್ಲಿರುವ ಬಾಲದ ತುದಿಯಲ್ಲಿ ವ್ಯಾಲಿನ್ ತಗಲಿಕೊಂಡಿರಬೇಕು. ಆದರೆ ಆ ತುದಿ ಎಲ್ಲ ವಾಹಕಗಳಲ್ಲಿಯೂ ಸಿ-ಸಿ-ಎ ಎಂಬ ಒಂದೇ ಅಕ್ಷರಗಳಿಂದ ಕೊನೆಗೊಳ್ಳುತ್ತದೆ. ಈ ಎರಡು ತುದಿಗಳನ್ನು ಒಂದುಗೂಡಿಸಿ ಅರ್ಥವನ್ನು ಸ್ಥಾಪಿಸುವುದು ಒಂದೊಂದು ಅಮೈನೋ ಆಮ್ಲಕ್ಕೂ ಒಂದರಂತೆ ಇರುವ ಸಿಂಥಟೇಸ್ ಎಂಬ ಕಿಣ್ವಗಳು. ತನ್ನ ಆಮ್ಲವನ್ನೂ ತನಗೆ ಸೇರಿದ ವಾಹಕಗಳನ್ನೂ ಏಕಕಾಲದಲ್ಲಿ ಗುರುತಿಸಬಲ್ಲುದು ಜೀವಕೋಶದಲ್ಲೆಲ್ಲ ಈ ಕಿಣ್ವವೊಂದೇ. ಎ.ಟಿ.ಪಿ. ಅಣುವಿನ ಶಕ್ತಿಯನ್ನು ವ್ಯಯಮಾಡಿ ಅದು ಇವೆರಡನ್ನು ಬಂಧಿಸುತ್ತದೆ. ಬಂಧಿಸಿದ ಮೇಲೆ ಆ ಜೋಡಿಯನ್ನು ಪ್ರಶ್ನಿಸುವವರು ವಿರಳ.

ಹಾಗೆಂದೇ ಈ ಕಿಣ್ವಗಳಲ್ಲಿ ಎಚ್ಚರಿಕೆಯ ಪರಾಕಾಷ್ಠೆಯನ್ನು ಕಾಣುತ್ತೇವೆ. ಐಸೋಲ್ಯೂಸಿನ್ನಿಗೂ ವ್ಯಾಲಿನ್ನಿಗೂ ಇರುವ ಅಂತರ ಒಂದು ಇಂಗಾಲದ ಪರಮಾಣು, ಅದರೊಡನೆ ಎರಡು ಜಲಜನಕ, ಇಷ್ಟೆ. ಐಸೋಲ್ಯೂಸಿನ್ನಿಗಾಗಿ ರಚಿತವಾದ ಕುಳಿಗೆ ಅದಕ್ಕಿಂತ ದೊಡ್ಡ ಆಮ್ಲಗಳು ಪ್ರವೇಶಿಸಲಾರವು, ಸರಿ; ಆದರೆ ಚಿಕ್ಕದಾದ ವ್ಯಾಲಿನ್ ಒಳನುಗ್ಗುವುದನ್ನು ತಡೆಯುವುದೆಂತು? ಬರಿಯ ಆಕಾರದ ಒಪ್ಪಿಗೆಯಿಂದ ಇಲ್ಲಿ ತಪ್ಪುಗಳು ಬಹಳವಾಗಿಯೇ ಆಗಬೇಕೆಂದು ಲೈನಸ್ ಪೌಲಿಂಗ್ ಲೆಕ್ಕ ಹಾಕಿದ್ದನು. ವಸ್ತುತಃ ಆಗುವ ತಪ್ಪು ಸುಮಾರು ಮೂರು ಸಾವಿರಕ್ಕೆ ಒಂದು. ಇದರ ರಹಸ್ಯವೇನೆಂದರೆ, ಕಿಣ್ವದಲ್ಲಿ ಎರಡನೆಯದೊಂದು ಕುಳಿಯಿದೆ. ಅದು ಮೊದಲನೆಯದಕ್ಕಿಂತ ಕಿರಿದು. ತಪ್ಪಾಗಿ ತಗಲಿದ ವ್ಯಾಲಿನ್ ಅದರೊಳಗೆ ಹೊಕ್ಕು ಅಲ್ಲಿ ಕಡಿದುಹಾಕಲ್ಪಡುತ್ತದೆ. ಸರಿಯಾದ ಐಸೋಲ್ಯೂಸಿನ್ ದೊಡ್ಡದಾದ್ದರಿಂದ ಅದರೊಳಗೆ ಹಿಡಿಯದೆ ಉಳಿದುಕೊಳ್ಳುತ್ತದೆ. ದಪ್ಪ ಕಣ್ಣಿನ ಜರಡಿಯಲ್ಲಿ ಒಮ್ಮೆ, ಸಣ್ಣ ಕಣ್ಣಿನದರಲ್ಲಿ ಮತ್ತೊಮ್ಮೆ ಜಾಲಿಸಿ ಗಟ್ಟಿ ಕಾಳನ್ನು ಉಳಿಸಿಕೊಳ್ಳುವ ನಮ್ಮ ಒಕ್ಕುವ ಕಣದ ಕ್ರಮವೇ ಇದು. ಪ್ರಸಂಗವಶಾತ್ ಹೇಳುವುದಾದರೆ, ಮೊಲದ ಹೀಮೋಗ್ಲೋಬಿನ್ನಿನಲ್ಲಿ ಐಸೋಲ್ಯೂಸಿನ್ ಉಂಟು. ವಯಸ್ಕ ಮಾನವನ ಹೀಮೋಗ್ಲೋಬಿನ್ನಿನಲ್ಲಿ ಅದು ಒಂದೂ ಇಲ್ಲ.

ಅರ್ಥವು ಇರುವುದು ಈ ಬಂಧನದಲ್ಲಿಯೇ ಎಂಬುದಕ್ಕೆ 1962ರಲ್ಲಿ ದೊರೆತ ಪ್ರಮಾಣವು, ನಾನು ಬಲ್ಲ ಪ್ರಯೋಗಗಳಲ್ಲೆಲ್ಲ ಅತ್ಯಂತ ನಿರ್ಣಾಯಕವಾದುವುಗಳಲ್ಲಿ ಒಂದು. ಸಿಸ್ಟೀನ್ ಆಮ್ಲದಲ್ಲಿ ಒಂದು ಗಂಧಕದ ಪರಮಾಣುವಿದೆ. ಆ ಗಂಧಕವನ್ನು ಕಿತ್ತುಹಾಕಿದರೆ ಉಳಿಯುವುದು ಅಲನಿನ್. ಫ್ರಾಂಸ್ವಾ ಷಾಪ್‌ವಿಲ್, ಫ್ರಿಟ್ಸ್ ಲಿಪ್‌ಮನ್, ಸೆಮೂರ್ ಬೆಂಜರ್ ಮತ್ತು ಅವರ ಸಹೋದ್ಯೋಗಿಗಳು, ಸಿಂಥಟೇಸ್ ತನ್ನ ಕೆಲಸವನ್ನು ಕ್ರಮವಾಗಿ ಮುಗಿಸಿ ಸಿಸ್ಟೀನ್ ವಾಹಕಕ್ಕೆ ಸಿಸ್ಟೀನನ್ನು ತಗಲಿಸಿದ ಮೇಲೆ, ನಿಕ್ಕಲ್ ಲೋಹದ ಒಂದು ಕ್ರಿಯಾಶೀಲ ರೂಪದಿಂದ ಆ ಗಂಧಕವನ್ನು ತೆಗೆದುಬಿಟ್ಟರು. ಈಗ ವಾಹಕವು ಸಿಸ್ಟೀನಿನದು, ಹೊತ್ತಿರುವುದು ಅಲನಿನ್. ಇದನ್ನು ರೈಬೋಸೋಮುಗಳಿಗೆ ಒಪ್ಪಿಸಿದಾಗ, ಸಿಸ್ಟೀನ್ ಬರಬೇಕಾದೆಡೆಯಲ್ಲಿ ಅಲನಿನ್ ಬಂದು ನಿಂತಿತು. ಮರುವರ್ಷ ಮೊಲದ ಎಳೆಯ ರಕ್ತಕಣಗಳ ರಸದಲ್ಲಿ ಇದೇ ಪರೀಕ್ಷೆಯನ್ನು ಮಾಡಿದಾಗ, ಹೀಮೋಗ್ಲೋಬಿನ್ನಿನಲ್ಲಿಯೇ ಸಿಸ್ಟೀನಿನ ಸ್ಥಾನವನ್ನು ಅಲನಿನ್ ಆಕ್ರಮಿಸಿತು. ರೈಬೋಸೋಮು ಹೊರೆಯನ್ನು ನೋಡಲಿಲ್ಲ. ಹೊತ್ತವನ ಪ್ರತಿತ್ರಿಕವನ್ನು ಮಾತ್ರ ನೋಡಿತು.

ಆ ರೈಬೋಸೋಮಿನ ಕೆಲಸವನ್ನು ಈಗ ಗಮನಿಸಬಹುದು. ದೂತದ ತಲೆಯಿಂದ ಹೊರಟ ರೈಬೋಸೋಮಿನ ಸಣ್ಣ ಭಾಗವು ಎ-ಯು-ಜಿ ಎಂಬ ಆರಂಭದ ತ್ರಿಕವನ್ನು ಕಂಡಲ್ಲಿ ನಿಂತು, ದೊಡ್ಡ ಭಾಗವು ಬಂದು ಅದನ್ನು ಕೂಡಿಕೊಳ್ಳುತ್ತದೆ. ಬೀಟಾ ಗ್ಲೋಬಿನ್ನಿನಲ್ಲಿ ಅಲ್ಲಿಂದ ಮುಂದಣ ಪದಗಳು ಹೀಗಿವೆ: ಜಿ-ಯು-ಜಿ, ಸಿ-ಎ-ಯು, ಸಿ-ಯು-ಜಿ, ಎ-ಸಿ-ಯು, ಸಿ-ಸಿ-ಯು, ಜಿ-ಎ-ಜಿ. ಪ್ರತಿಯೊಂದು ಪದಕ್ಕೂ ಹೊರೆ ಹೊತ್ತ ವಾಹಕಗಳು ಒಂದರ ಮೇಲೊಂದು ಬಂದು ತಮ್ಮ ಪ್ರತಿತ್ರಿಕವನ್ನು ಒಡ್ಡಿ ನೋಡುತ್ತವೆ. ಹೊಂದದವು ಹಿಂದಿರುಗುತ್ತವೆ. ಹೊಂದಿದುದನ್ನು ಸಣ್ಣ ಭಾಗದ ಎರಡು ಅಡೆನಿನ್ನುಗಳು ಹೊರಚಾಚಿ ಮುಟ್ಟಿ, ಜೋಡಿಯ ಆಕಾರ ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತವೆ. ಈ ಸೂಕ್ಷ್ಮವನ್ನು ತೋರಿಸಿಕೊಟ್ಟವರು ಚಿದಂಬರದಲ್ಲಿ ಹುಟ್ಟಿ, ಬರೋಡದಲ್ಲಿ ಭೌತವಿಜ್ಞಾನವನ್ನು ಓದಿ, ಕೇಂಬ್ರಿಜ್ಜಿನಲ್ಲಿ ನೆಲೆಸಿದ ವೆಂಕಟರಾಮನ್ ರಾಮಕೃಷ್ಣನ್ ಅವರು; 2009ರ ನೊಬೆಲ್ ಪುರಸ್ಕಾರವನ್ನು ಅವರೂ ಥಾಮಸ್ ಸ್ಟೈಟ್ಜ್ ಮತ್ತು ಅಡಾ ಯೋನತ್ ಅವರೂ ಹಂಚಿಕೊಂಡರು. ಪರೀಕ್ಷೆಯಲ್ಲಿ ಉತ್ತೀರ್ಣವಾದ ವಾಹಕವು ಒಳಕ್ಕೆ ಜರುಗಿ, ಬೆಳೆಯುತ್ತಿರುವ ಸರಪಣಿಯೆಲ್ಲವೂ ಅದರ ಹೊರೆಯ ಮೇಲಕ್ಕೆ ವರ್ಗವಾಗುತ್ತದೆ. ರೈಬೋಸೋಮು ಮೂರು ಅಕ್ಷರ ಮುಂದೆ ಸರಿಯುತ್ತದೆ. ಬರಿದಾದ ವಾಹಕ ಹೊರಬೀಳುತ್ತದೆ. ಸರಪಣಿ ಬೆಳೆಯುವುದು ಒಂದು ತುದಿಯಿಂದ ಮತ್ತೊಂದು ತುದಿಗೆ ಕ್ರಮವಾಗಿಯೇ ಹೊರತು ತುಂಡುತುಂಡಾಗಿ ಅಲ್ಲವೆಂದು ಹೊವರ್ಡ್ ಡಿಂಟ್ಜಿಸ್ 1961ರಲ್ಲಿ, ಮೊಲದ ಕಣಗಳನ್ನು ತಣ್ಣಗಿರಿಸಿ ಅವುಗಳ ವೇಗವನ್ನು ಕುಗ್ಗಿಸಿ, ವಿಕಿರಣಶೀಲ ಲ್ಯೂಸಿನ್ ಉಣಿಸಿ ಸಿದ್ಧಪಡಿಸಿದರು. ದೇಹದ ಉಷ್ಣತೆಯಲ್ಲಿ ಇಡೀ ಬೀಟಾ ಸರಪಣಿಗೆ ತಗಲುವ ಕಾಲ ನಿಮಿಷವೊಂದರ ಆಸುಪಾಸು. ಒಂದು ರೈಬೋಸೋಮು ಮುಂದೆ ಸಾಗುತ್ತಿರುವಂತೆಯೇ ಅದೇ ದೂತದ ಮೇಲೆ ಮತ್ತೊಂದು ಹತ್ತುತ್ತದೆ; ಗ್ಲೋಬಿನ್ ದೂತದ ಮೇಲೆ ಸಾಮಾನ್ಯವಾಗಿ ಐದು ರೈಬೋಸೋಮುಗಳು ಒಟ್ಟಿಗೆ ಇರುವುದನ್ನು ಅಲೆಕ್ಸಾಂಡರ್ ರಿಚ್ ಅವರ ಬಳಗ 1962ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಕೊನೆಗೆ ಯು-ಎ-ಎ ಎಂಬ ತ್ರಿಕ ಎದುರಾದಾಗ ಅದಕ್ಕೆ ಹೊಂದುವ ವಾಹಕವಿರುವುದಿಲ್ಲ. ವಾಹಕದ ಆಕಾರವನ್ನು ಅನುಕರಿಸುವ ಒಂದು ಪ್ರೋಟೀನು ಬಂದು ಸರಪಣಿಯನ್ನು ಬಿಡಿಸಿಕೊಡುತ್ತದೆ. ಆರಂಭದ ಎ-ಯು-ಜಿ ಕರೆತಂದ ಮಿಥಿಯೊನಿನ್ ಅಷ್ಟರಲ್ಲಿಯೇ ಕತ್ತರಿಸಲ್ಪಟ್ಟು ವ್ಯಾಲಿನ್ನೇ ಮೊದಲನೆಯದಾಗಿರುತ್ತದೆ. ಮಡಿಚಿಕೊಂಡು, ಹೀಮನ್ನು ತುಂಬಿಕೊಂಡು, ಆಲ್ಫಾ ಸರಪಣಿಯೊಡನೆ ಕೂಡಿಕೊಂಡಾಗ ಮಾತ್ರ ಅದಕ್ಕೆ ಪ್ರಯೋಜನ ಬರುವುದು.

ಮೇಲೆ ಹೇಳಿದ ಸಾಲಿನಲ್ಲಿ ಆರನೆಯ ಆಮ್ಲದ ಪದ ಜಿ-ಎ-ಜಿ, ಅಂದರೆ ಗ್ಲುಟಾಮಿಕ್ ಆಮ್ಲ. ಅದರ ನಡುವಣ ಅಕ್ಷರ ಯು ಆದರೆ ಪದವು ಜಿ-ಯು-ಜಿ ಆಗುತ್ತದೆ. ಸರಪಣಿಯ ಮೊದಲಲ್ಲಿ ವ್ಯಾಲಿನ್ನನ್ನು ಕರೆದ ಪದವೇ ಇಲ್ಲಿಯೂ ಬಂದು, ಮತ್ತೊಮ್ಮೆ ವ್ಯಾಲಿನ್ನನ್ನೇ ಕರೆಯುತ್ತದೆ. ಸಿಂಥಟೇಸ್ ತಪ್ಪಿಲ್ಲ, ವಾಹಕ ತಪ್ಪಿಲ್ಲ, ರೈಬೋಸೋಮು ತಪ್ಪಿಲ್ಲ. ಪ್ರತಿಯೊಂದೂ ತನ್ನ ಧರ್ಮವನ್ನು ನಿಷ್ಠೆಯಿಂದ ನೆರವೇರಿಸಿದ ಫಲವಾಗಿಯೇ ಕುಡುಗೋಲು ಕಣ ರೋಗ ಉಂಟಾಗುತ್ತದೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಹೀಮೋಗ್ಲೋಬಿನ್ ಅಣುಗಳು ಈ ವ್ಯಾಲಿನ್ನಿನ ಮೂಲಕ ಒಂದಕ್ಕೊಂದು ಅಂಟಿ ದಂಡಗಳಾಗಿ ಬೆಳೆದು ಕಣವನ್ನು ಬಾಗಿಸುತ್ತವೆ. ಪೌಲಿಂಗ್ 1949ರಲ್ಲಿ ಇದನ್ನು ಅಣುವಿನ ರೋಗವೆಂದು ಗುರುತಿಸಿದನು. ವ್ಯತ್ಯಾಸವು ಒಂದೇ ಅಮೈನೋ ಆಮ್ಲದಲ್ಲಿದೆಯೆಂಬುದನ್ನು ಕೇಂಬ್ರಿಜ್ಜಿನಲ್ಲಿ ವೆರ್ನಾನ್ ಇಂಗ್ರಾಂ 1957ರ ಹೊತ್ತಿಗೆ ಸಿದ್ಧಪಡಿಸಿದನು. ಭಾರತದಲ್ಲಿ ಇದು ಮೊದಲು ವರದಿಯಾದುದು 1952ರಲ್ಲಿ, ನಮ್ಮ ಚಾಮರಾಜನಗರದ ಗಡಿಗೆ ತಗಲಿಕೊಂಡಿರುವ ನೀಲಗಿರಿಯ ಗಿರಿಜನರಲ್ಲಿ.

ಈಗ ನಾವು ಮೊದಲು ಎತ್ತಿದ ಪ್ರಶ್ನೆಗಳಲ್ಲಿ ಕೊನೆಯದಕ್ಕೆ ಮರಳೋಣ. ಅರ್ಥವನ್ನು ಬಲ್ಲವು ಸಿಂಥಟೇಸ್‌ಗಳು. ಆದರೆ ಅವೂ ಪ್ರೋಟೀನುಗಳೇ. ಅವುಗಳ ಕ್ರಮವೂ ಡಿ.ಎನ್.ಎ.ಯಲ್ಲಿಯೇ ಬರೆದಿದೆ, ಮತ್ತು ಅದನ್ನು ಓದಿ ಅವುಗಳನ್ನು ತಯಾರಿಸಬೇಕಾದರೆ ಮೊದಲೇ ಸಿಂಥಟೇಸ್‌ಗಳಿರಬೇಕು. ನಿಘಂಟು ಅದೇ ಭಾಷೆಯಲ್ಲಿ ರಚಿತವಾಗಿದೆ. ಅದನ್ನು ತೆರೆಯುವ ಶಕ್ತಿ ಅದನ್ನು ಆಗಲೇ ಓದಿದವರಿಗೆ ಮಾತ್ರ. ತಾಯಿಯ ಅಂಡದಿಂದ ಮಗುವಿಗೆ ಬರುವುದು ಡಿ.ಎನ್.ಎ. ಮಾತ್ರವಲ್ಲ, ಅದನ್ನು ಆಗಲೇ ಓದುತ್ತಿರುವ ವಾಹಕಗಳು, ಕಿಣ್ವಗಳು, ರೈಬೋಸೋಮುಗಳು ಕೂಡ. ಈ ಓದು ಜೀವದ ಆದಿಯಿಂದ ಇಂದಿನವರೆಗೆ ಒಮ್ಮೆಯೂ ಕಡಿದಿಲ್ಲ. ಈ ಚಕ್ರ ಮೊದಲು ಹೇಗೆ ತಿರುಗಿತೆಂಬುದಕ್ಕೆ ಒಂದು ಸುಳಿವು ಮಾತ್ರ ಸಿಕ್ಕಿದೆ. ಮೃತಸಮುದ್ರದ ಉಪ್ಪುನೀರಿನ ಸೂಕ್ಷ್ಮಜೀವಿಯೊಂದರ ರೈಬೋಸೋಮಿನ ದೊಡ್ಡ ಭಾಗವನ್ನು 2000ದಲ್ಲಿ ಸ್ಟೈಟ್ಜ್ ಮತ್ತು ಪೀಟರ್ ಮೂರ್ ಅವರ ಬಳಗ ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ನೋಡಿದಾಗ, ಅಮೈನೋ ಆಮ್ಲಗಳು ಬೆಸೆಯುವ ಸ್ಥಾನದ ಸುತ್ತಮುತ್ತ ಪ್ರೋಟೀನೇ ಇರಲಿಲ್ಲ. ಇದ್ದುದು ಬರಿಯ ಆರ್.ಎನ್.ಎ. ಪ್ರೋಟೀನುಗಳನ್ನು ಹೆರುವ ಗರ್ಭವು ಪ್ರೋಟೀನಿನದಲ್ಲ. ಪ್ರೋಟೀನುಗಳಿಗಿಂತ ಮೊದಲು ಆರ್.ಎನ್.ಎ.ಯೇ ಲೇಖವೂ ಕಿಣ್ವವೂ ಆಗಿದ್ದ ಒಂದು ಯುಗವಿದ್ದಿರಬೇಕೆಂಬ ಅನುಮಾನಕ್ಕೆ ಇದಕ್ಕಿಂತ ಬಲವಾದ ಆಧಾರ ನನಗೆ ಕಾಣದು.

ಓದುವವರು ಬದಲಾದರೆ ಅರ್ಥವೂ ಬದಲಾಗಬೇಕಲ್ಲವೆ? ಪ್ರಕೃತಿಯಲ್ಲಿ ಇದಕ್ಕೆ ದೃಷ್ಟಾಂತ ನಮ್ಮೊಳಗೇ ಇದೆ: ಕೋಶರಸದಲ್ಲಿ ವಾಕ್ಯಾಂತ್ಯವಾಗಿರುವ ಯು-ಜಿ-ಎ, ಅದೇ ಕೋಶದ ಮೈಟೋಕಾಂಡ್ರಿಯದ ಒಳಗೆ ಟ್ರಿಪ್ಟೊಫ್ಯಾನ್ ಆಗುತ್ತದೆ, ಏಕೆಂದರೆ ಮೈಟೋಕಾಂಡ್ರಿಯದ ವಾಹಕಗಳು ಬೇರೆ. ಮಾನವನು ಬುದ್ಧಿಪೂರ್ವಕವಾಗಿ ಮಾಡಿದ ದೃಷ್ಟಾಂತವು ಇನ್ನೂ ವಿಸ್ಮಯಕರವಾದುದು. ಕ್ರಿಕ್ ಮತ್ತು ಬ್ರೆನ್ನರ್ ಅವರ ಸಂಶೋಧನಾಲಯವೇ ಬೆಳೆದು ಬಂದಿರುವ ಕೇಂಬ್ರಿಜ್ಜಿನ ಅಣುಜೀವವಿಜ್ಞಾನ ಸಂಸ್ಥೆಯಲ್ಲಿ ಜೇಸನ್ ಚಿನ್ ಅವರ ಬಳಗ, ಇ. ಕೋಲಿ ಬ್ಯಾಕ್ಟೀರಿಯದ ಡಿ.ಎನ್.ಎ.ಯನ್ನೆಲ್ಲ ಹೊಸದಾಗಿ ರಾಸಾಯನಿಕವಾಗಿ ಬರೆದು, ಸಿರೀನ್ ಆಮ್ಲದ ಆರು ಪದಗಳಲ್ಲಿ ಎರಡನ್ನೂ ವಾಕ್ಯಾಂತ್ಯದ ಮೂರರಲ್ಲಿ ಒಂದನ್ನೂ ಅದರಲ್ಲಿ ಎಲ್ಲಿಯೂ ಬಾರದಂತೆ, 18,000ಕ್ಕೂ ಹೆಚ್ಚು ಸ್ಥಳಗಳಲ್ಲಿ ಸಮಾನಾರ್ಥಕ ಪದಗಳನ್ನು ಇರಿಸಿ, 2019ರಲ್ಲಿ ಪ್ರಕಟಿಸಿತು. ಬ್ಯಾಕ್ಟೀರಿಯ ಬದುಕಿತು. 2021ರಲ್ಲಿ, ಬಳಕೆ ತಪ್ಪಿದ ಆ ಪದಗಳನ್ನು ಓದುವ ವಾಹಕಗಳನ್ನೂ ಅದರಿಂದ ತೆಗೆದುಹಾಕಿದಾಗ, ಆ ಬ್ಯಾಕ್ಟೀರಿಯವನ್ನು ಆಕ್ರಮಿಸಿದ ವೈರಸ್ಸುಗಳು ವೃದ್ಧಿಯಾಗಲಾರದೆ ಹೋದುವು; ಅವುಗಳ ಜೀನುಗಳು ಅಕ್ಷರಶಃ ಅಖಂಡವಾಗಿಯೇ ಒಳಹೊಕ್ಕಿದ್ದರೂ, ಅಲ್ಲಿ ಆ ಪದಗಳನ್ನು ಓದಬಲ್ಲವರಿರಲಿಲ್ಲ. ಮುಂದೆ, ತಮ್ಮದೇ ವಾಹಕದ ಜೀನನ್ನು ಹೊತ್ತು ತರುವ ಕೆಲವು ವೈರಸ್ಸುಗಳು ಈ ಕೋಟೆಯನ್ನು ದಾಟಬಲ್ಲವೆಂದು ಅಮೆರಿಕದ ಹಾರ್ವರ್ಡಿನಲ್ಲಿ ಕಂಡುಬಂದಿತು. ಅಲ್ಲಿಯ ಸಂಶೋಧಕರು ಆಗ ಸಿರೀನಿನ ಆ ಎರಡು ಪದಗಳಿಗೆ ಲ್ಯೂಸಿನ್ನನ್ನು ಹೊತ್ತ ವಾಹಕಗಳನ್ನು ಬ್ಯಾಕ್ಟೀರಿಯದಲ್ಲಿ ನೆಲೆಗೊಳಿಸಿದರು. ವೈರಸ್ಸಿನ ಜೀನು ಈಗ ಓದಲ್ಪಡುತ್ತದೆ, ಪ್ರೋಟೀನೂ ತಯಾರಾಗುತ್ತದೆ. ಆ ಪದಗಳಿಂದ ಸಿರೀನ್ ಬರಬೇಕಾದೆಡೆಗಳಲ್ಲೆಲ್ಲ ಲ್ಯೂಸಿನ್ ಸೇರಿ ಆ ಪ್ರೋಟೀನು ಕೆಡುತ್ತದೆ. 2023ರಲ್ಲಿ ಅವರು ವರದಿ ಮಾಡಿದಂತೆ, ಪರೀಕ್ಷಿಸಿದ ಯಾವ ವೈರಸ್ಸೂ ಆ ಬ್ಯಾಕ್ಟೀರಿಯದಲ್ಲಿ ಬೆಳೆಯಲಿಲ್ಲ.